ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಡುವ ಬಾಯಿ, ಹಾಡುವ ಬಾಯಿ

ಪ್ರಶ್ನೆ: ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆಯ ಮೊದಲ ಮುಕ್ಕಾಲು ಗಂಟೆ ಹಾಡುಗಳಿಗೇ ಮೀಸಲು. ಕೀಬೋರ್ಡ್, ಡ್ರಮ್ಸ್ ಬಂದ ಮೇಲೆ ಯೌವನಸ್ಥರು ಹೆಚ್ಚಾಗಿ ಬರುತ್ತಿದ್ದಾರೆ, ಅದು ನನಗೂ ಸಂತೋಷವೇ. ಆದರೆ ಮೊದಲು ರೋಗಿಗಳ ಹೆಸರು ಹೇಳಿ ಮಾಡುತ್ತಿದ್ದ ವಿಜ್ಞಾಪನೆಯ ಪ್ರಾರ್ಥನೆ ಈಗ ಎರಡು ನಿಮಿಷಕ್ಕೆ ಇಳಿದಿದೆ. ಕಳೆದ ತಿಂಗಳು ಬಂದಿದ್ದ ಬೋಧಕರೊಬ್ಬರು, “ಬೇಡುವುದು ಎಳೆಯ ವಿಶ್ವಾಸಿಯ ಗುರುತು, ಸ್ತುತಿಸುವುದು ಬೆಳೆದ ವಿಶ್ವಾಸಿಯ ಗುರುತು” ಎಂದರು. ನನ್ನ ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು. ಎಲ್ಲರೂ ಕೈಯೆತ್ತಿ ಹಾಡುವಾಗ ನನಗೆ ಗಂಟಲೇ ಬಿಗಿಯುತ್ತದೆ. ನನ್ನ ವಿಶ್ವಾಸ ಕುಗ್ಗಿಹೋಗಿದೆಯೇ?
(ಓದುಗರೊಬ್ಬರು, ಧಾರವಾಡ ಜಿಲ್ಲೆ)

ಉತ್ತರ: ಸಹೋದರಿಯವರೇ, ಕುಗ್ಗಿಲ್ಲ. ಆ ಬೋಧಕರ ಮಾತು ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಸತ್ಯವೇದದ ಮುಂದೆ ಇಟ್ಟು ನೋಡಿದರೆ ನಿಲ್ಲುವುದಿಲ್ಲ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಇಬ್ಬರನ್ನು ನೆನಪಿಸಿಕೊಳ್ಳಿ. ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನಾದ ಫರಿಸಾಯನ ಪ್ರಾರ್ಥನೆ ಆರಂಭವಾಗುವುದೇ ಕೃತಜ್ಞತಾಸ್ತುತಿಯಿಂದ. ಅವನು ತನಗಾಗಿ ಒಂದನ್ನೂ ಬೇಡುವುದಿಲ್ಲ. ದೂರದಲ್ಲಿ ನಿಂತ, ಜನರು ಪಾಪಿಯೆಂದು ಎಣಿಸುತ್ತಿದ್ದ ಸುಂಕದವನು ಸ್ತುತಿಯ ಒಂದು ಮಾತನ್ನೂ ಆಡದೆ, ಎದೆ ಬಡಿದುಕೊಂಡು ಕರುಣೆಯನ್ನು ಮಾತ್ರ ಬೇಡುತ್ತಾನೆ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಈ ಸುಂಕದವನೇ ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಬೇಡುವುದು ಕೆಳಗಿನ ಮೆಟ್ಟಿಲು, ಸ್ತುತಿಸುವುದು ಮೇಲಿನ ಮೆಟ್ಟಿಲು ಎಂಬ ಲೆಕ್ಕ ಈ ಒಂದು ಸಾಮ್ಯದಲ್ಲಿಯೇ ತಲೆಕೆಳಗಾಗುತ್ತದೆ.

ಇನ್ನು ನಮ್ಮ ಆರಾಧನೆಯ ಮೂಲ ಪುಸ್ತಕವನ್ನೇ ನೋಡೋಣ. ನಾವು ಕೀರ್ತನೆಗಳು ಎಂದು ಕರೆಯುವ ಗ್ರಂಥಕ್ಕೆ ಯೆಹೂದ್ಯರು ಇಟ್ಟ ಹೆಸರು ‘ತೆಹಿಲ್ಲೀಮ್’, ಅಂದರೆ ಸ್ತುತಿಗಳು. ಆದರೆ ಅದೇ ಗ್ರಂಥದ ನಡುವೆ, 72ನೇ ಕೀರ್ತನೆಯ ಕೊನೆಯ ವಚನದಲ್ಲಿ, ಇಷಯನ ಮಗನಾದ ದಾವೀದನ ಪ್ರಾರ್ಥನೆಗಳು ಮುಗಿದವು ಎಂಬ ಟಿಪ್ಪಣಿಯಿದೆ. ಹೊರಗಿನ ಹೆಸರು ಸ್ತುತಿ, ಒಳಗಿನ ಹೆಸರು ಪ್ರಾರ್ಥನೆ! ಇದನ್ನು ಜೋಡಿಸಿದವರಿಗೆ ಎರಡರ ನಡುವೆ ಗೋಡೆ ಕಾಣಿಸಲಿಲ್ಲ. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಾದರೂ ಗೋಳಾಟದ ಹಾಡುಗಳೇ. ದಾಸರ ಪದಗಳನ್ನು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಹೊಸದೂ ಅಲ್ಲ. ಕೀರ್ತನೆ ಎಂದರೆ ಅದರಲ್ಲಿ ಹೊಗಳಿಕೆಯೂ ಇರುತ್ತದೆ, ಮೊರೆಯೂ ಇರುತ್ತದೆ, ಒಮ್ಮೊಮ್ಮೆ ದೇವರೊಂದಿಗೆ ಜಗಳವೂ ಇರುತ್ತದೆ ಎಂದು ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

13ನೇ ಕೀರ್ತನೆಯನ್ನು ಇಂದು ರಾತ್ರಿ ನಿಧಾನವಾಗಿ ಓದಿ. ಆರೇ ವಚನಗಳು. ಮೊದಲ ಎರಡು ವಚನಗಳಲ್ಲಿಯೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಕೊನೆಯ ವಚನದಲ್ಲಿ ಅದೇ ಮನುಷ್ಯನು ಹಾಡುತ್ತೇನೆ ಎನ್ನುತ್ತಾನೆ. ನಡುವೆ ಏನಾಯಿತು? ವೈರಿ ಸೋತನೆಂದಾಗಲಿ ಕಾಯಿಲೆ ವಾಸಿಯಾಯಿತೆಂದಾಗಲಿ ಅಲ್ಲಿ ಬರೆದಿಲ್ಲ. ತನ್ನ ದುಃಖವನ್ನು ಬಚ್ಚಿಡದೆ ದೇವರ ಮುಂದೆ ಸುರಿದದ್ದು ಒಂದೇ ನಮಗೆ ಕಾಣುವುದು. ಆದರೆ ಎಲ್ಲರಿಗೂ ಆರು ವಚನಗಳಲ್ಲಿಯೇ ಆ ತಿರುವು ಸಿಗುತ್ತದೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ 88ನೇ ಕೀರ್ತನೆಯನ್ನು ಹರಿದುಹಾಕಬೇಕಾಗುತ್ತದೆ. ಹೇಮಾನನ ಹೆಸರಿನಲ್ಲಿರುವ ಆ ಪದ್ಯದಲ್ಲಿ ತಿರುವೇ ಇಲ್ಲ, ಇಬ್ರಿಯ ಮೂಲದಲ್ಲಿ ಅದರ ಕೊನೆಯ ಶಬ್ದವೇ ಕತ್ತಲೆ. ಆದರೂ ಅದರ ತಲೆಬರಹದಲ್ಲಿ ಪ್ರಧಾನ ಗಾಯಕನ ಉಲ್ಲೇಖವಿದೆ, ಅಂದರೆ ಸ್ತುತಿಯ ಒಂದು ಎಳೆಯೂ ಕಾಣದ ಆ ಹಾಡನ್ನು ಇಸ್ರಾಯೇಲ್ಯರು ಮೂಲೆಗೆ ತಳ್ಳದೆ ಗಾಯಕರ ಕೈಗೇ ಕೊಟ್ಟಿದ್ದರು. ನಿಮ್ಮ ಬಿಗಿದ ಗಂಟಲಿಗೂ ಆ ಹಾಡಿನ ಪುಸ್ತಕದಲ್ಲಿ ಒಂದು ಪುಟ ಇದೆ.

1 ಸಮುವೇಲ ಗ್ರಂಥದ ಮೊದಲ ಅಧ್ಯಾಯದಲ್ಲಿರುವ, ಮಕ್ಕಳಿಲ್ಲದ ಹನ್ನಳ ಕಥೆಯನ್ನೂ ನಿಮಗೆ ನೆನಪಿಸಬೇಕು. ಶೀಲೋವಿನ ದೇವಾಲಯದಲ್ಲಿ ಮಗನಿಗಾಗಿ ಬೇಡುವಾಗ ಅವಳ ತುಟಿಗಳು ಅಲುಗುತ್ತಿದ್ದವು, ಧ್ವನಿ ಕೇಳಿಸುತ್ತಿರಲಿಲ್ಲ. ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆಂದುಕೊಂಡನು. ಆರಾಧನೆಯಲ್ಲಿ ಸದ್ದು ಮಾಡದವರನ್ನು ತಪ್ಪಾಗಿ ತಿಳಿಯುವ ಅಭ್ಯಾಸ ಅಷ್ಟು ಹಳೆಯದು. ಅವಳು ಸ್ತುತಿಗೀತೆ ಹಾಡುವುದು ಮುಂದಿನ ಅಧ್ಯಾಯದಲ್ಲಿ, ಅದೂ ಮಗು ಹುಟ್ಟಿದ ದಿನವಲ್ಲ. ಹಾಲು ಬಿಡಿಸಿ, ಬೇಡಿ ಪಡೆದ ಮಗನನ್ನು ದೇವಾಲಯದಲ್ಲಿ ಒಪ್ಪಿಸಿ, ಬರಿಗೈಯಲ್ಲಿ ಊರಿಗೆ ಹಿಂದಿರುಗಬೇಕಾದ ಹೊತ್ತಿಗೆ ಅವಳು ಹಾಡಿದಳು. ಎಷ್ಟು ತಿಂಗಳು, ಎಷ್ಟು ರಾತ್ರಿ ಆ ಹಾಡು ಅವಳೊಳಗೆ ಬೆಳೆಯಿತೋ ಬರೆದವನು ಹೇಳಿಲ್ಲ.

ಸ್ತುತಿಯ ಬಲಕ್ಕೆ ಉದಾಹರಣೆಯಾಗಿ ಅರಸನಾದ ಯೆಹೋಷಾಫಾಟನ ಕಥೆಯನ್ನು ವರ್ಷಿಪ್ ಟೀಮಿನವರು ಮತ್ತೆ ಮತ್ತೆ ಹೇಳುತ್ತಾರೆ: ಸೈನ್ಯದ ಮುಂದೆ ಗಾಯಕರು ನಡೆದರು, ವೈರಿಗಳು ತಮ್ಮತಮ್ಮೊಳಗೇ ಹೊಡೆದಾಡಿ ಸತ್ತರು. ನಿಜ, 2 ಪೂರ್ವಕಾಲವೃತ್ತಾಂತ 20ರಲ್ಲಿ ಹಾಗೆಯೇ ಇದೆ. ಆದರೆ ಗಾಯಕರು ಹೊರಟದ್ದು 21ನೇ ವಚನದಲ್ಲಿ. ಅದಕ್ಕೂ ಮುಂಚೆ ಅರಸನು ಭಯಪಟ್ಟದ್ದು, ಯೆಹೂದದಲ್ಲೆಲ್ಲಾ ಉಪವಾಸ ಸಾರಿದ್ದು, ಹೆಂಡಿರು ಮಕ್ಕಳ ಸಮೇತ ಜನರೆಲ್ಲ ನಿಂತಿರುವಾಗ ಅವನು “ನಮಗೆ ದಿಕ್ಕೇ ತೋಚುತ್ತಿಲ್ಲ, ನಿನ್ನನ್ನೇ ನೋಡುತ್ತಿದ್ದೇವೆ” ಎಂಬ ಅರ್ಥದಲ್ಲಿ ಮೊರೆಯಿಟ್ಟದ್ದು ಇದೆ. 21ನೇ ವಚನದಿಂದ ಓದಲು ತೊಡಗುವವರಿಗೆ ಮೊದಲ 20 ವಚನಗಳನ್ನು ಯಾರಾದರೂ ಪ್ರೀತಿಯಿಂದ ಓದಿಸಬೇಕು.

ಇಷ್ಟು ಹೇಳಿದ ಮೇಲೆ, ನಿಮ್ಮ ಸಭೆಯ ಯೌವನಸ್ಥರ ಪರವಾಗಿಯೂ ಒಂದು ಮಾತು ಹೇಳಬೇಕು. ಸ್ತುತಿಯಿಲ್ಲದ ಪ್ರಾರ್ಥನೆಯೂ ಕೆಡುತ್ತದೆ. ನಮ್ಮ ಹಿರಿಯರ ಪ್ರಾರ್ಥನಾಕೂಟಗಳಲ್ಲಿ ಬೇಡಿಕೆಗಳನ್ನು ಕಿರಾಣಿ ಚೀಟಿಯಂತೆ ಓದಿ, ಆಮೆನ್ ಹೇಳಿ ಚಹಾಕ್ಕೆ ಏಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಯಾರೊಂದಿಗೆ ಮಾತಾಡಿದೆವು ಎಂಬ ನೆನಪೇ ಅಲ್ಲಿ ಇರುವುದಿಲ್ಲ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ಮಧ್ಯರಾತ್ರಿಯಲ್ಲಿ ಮಾಡಿದ್ದನ್ನು ಅಪೊಸ್ತಲರ ಕೃತ್ಯಗಳು 16:25ರ ಗ್ರೀಕ್ ಮೂಲವು ಒಂದೇ ಉಸಿರಿನಲ್ಲಿ ಹೇಳುತ್ತದೆ: ಅವರು ಪ್ರಾರ್ಥಿಸುತ್ತಾ ಹಾಡುತ್ತಿದ್ದರು. ಮೊದಲು ಇದು, ಆಮೇಲೆ ಅದು ಎಂಬ ಭಾಗ ಅಲ್ಲಿಲ್ಲ.

ನಾನು ಸಭಾಪಾಲಕನಾಗಿದ್ದ ಮೊದಲ ವರ್ಷಗಳಲ್ಲಿ ಮಾಡಿದ ತಪ್ಪೊಂದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಹಳ್ಳಿಯೊಂದರ ಸಾವಿನ ಮನೆಯಲ್ಲಿ, ಪುನರುತ್ಥಾನದ ನಿರೀಕ್ಷೆಯನ್ನು ಎತ್ತಿಹಿಡಿಯಬೇಕೆಂಬ ಹುರುಪಿನಲ್ಲಿ, ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಜಯದ ಹಾಡುಗಳನ್ನು ಒಂದರ ಮೇಲೊಂದು ಹಾಡಿಸಿದೆ. ಮೂರನೆಯ ಹಾಡಿಗೆ ಆ ಮನೆಯ ಅಜ್ಜಿ ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲನೆ ಮುಚ್ಚಿ, “ಇವತ್ತ ಅಳಾಕ ಬಿಡ್ರಿ ಅಯ್ಯನವರ, ಹಾಡೂದು ಇದ್ದದ್ದ ಐತಿ” ಎಂದರು. ದೈವಶಾಸ್ತ್ರದ ಕಾಲೇಜಿನಲ್ಲಿ ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

ನಿಮ್ಮ ಸಭಾಪಾಲಕರ ಬಳಿ ದೂರಾಗಿ ಅಲ್ಲ, ವಿನಂತಿಯಾಗಿ ಎರಡು ಸಂಗತಿ ಕೇಳಿ. ಹಾಡುಗಳ ನಡುವೆ ಒಂದು ಗೋಳಾಟದ ಕೀರ್ತನೆಯನ್ನು ಸಭೆಯೆಲ್ಲ ಕೂಡಿ ಓದಲಿ, ಆಗ ಕೀಬೋರ್ಡ್ ಸುಮ್ಮನಿರಲಿ. ರೋಗಿಗಳ, ದುಃಖಿತರ ಹೆಸರುಗಳು ಮತ್ತೆ ಕೇಳಿಬರಲಿ. ಬೇಕಾದರೆ ಆ ಹೆಸರುಗಳನ್ನು ಯೌವನಸ್ಥರೇ ಓದಲಿ. ಅಲ್ಲಿಯವರೆಗೆ, ಉಳಿದವರು ಹಾಡುವಾಗ ನೀವು ಕುಳಿತಿದ್ದರೆ ಸಾಕು. ಸಭೆಯೆಂದರೆ ಒಬ್ಬರ ಗಂಟಲು ಬಿಗಿದಾಗ ಇನ್ನೊಬ್ಬರು ಅವರ ಪಾಲನ್ನೂ ಹಾಡುವ ಸ್ಥಳ.

ಪ್ರಶ್ನೆ: ನಮ್ಮ ನೆರೆಮನೆಯ ಕ್ಯಾಥೊಲಿಕ್ ಸ್ನೇಹಿತರು ಕರ್ತನ ಪ್ರಾರ್ಥನೆಯನ್ನು ‘ಕೇಡಿನಿಂದ ತಪ್ಪಿಸು’ ಎಂಬಲ್ಲಿಗೇ ಮುಗಿಸುತ್ತಾರೆ. ನಾವು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಸುತ್ತೇವೆ. ಯಾವುದು ಸರಿ?
(ಓದುಗರೊಬ್ಬರು, ಮೈಸೂರು)

ಉತ್ತರ: ಎರಡೂ ಸರಿ. ಲೂಕನ ಸುವಾರ್ತೆಯಲ್ಲಿ ಆ ಸ್ತುತಿವಾಕ್ಯ ಇಲ್ಲ. ಮತ್ತಾಯನ ಸುವಾರ್ತೆಯ ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿಯೂ, 4ನೇ ಶತಮಾನದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್ ಪ್ರತಿಗಳು ಸೇರಿದಂತೆ, ಅದು ಇಲ್ಲ. ಆದರೆ ಅದು ಯಾರೋ ಇತ್ತೀಚೆಗೆ ಅಂಟಿಸಿದ್ದೂ ಅಲ್ಲ. ಆದಿಸಭೆಯ ಕೈಪಿಡಿಯಾದ ದಿದಾಖೆಯಲ್ಲಿ, ‘ರಾಜ್ಯ’ ಎಂಬ ಮಾತೊಂದು ಬಿಟ್ಟು, ಬಲವೂ ಮಹಿಮೆಯೂ ನಿನ್ನದೇ ಎಂಬ ಮುಕ್ತಾಯ ಆಗಲೇ ಇದೆ. ನೀವು ಕ್ಯಾಥೊಲಿಕರ ಬಲಿಪೂಜೆಗೆ ಹೋದರೆ ಅದೇ ಸ್ತುತಿಯನ್ನು ಜನರು ಹೇಳುವುದನ್ನು ಕೇಳುತ್ತೀರಿ. ನಡುವೆ ಗುರುಗಳ ಒಂದು ಚಿಕ್ಕ ಪ್ರಾರ್ಥನೆ ಬರುತ್ತದೆ, ಅಷ್ಟೇ. ನನಗೆ ಇಲ್ಲಿ ಹಿಡಿಸುವ ಸಂಗತಿ ಬೇರೆ. ಯೇಸುಸ್ವಾಮಿ ಕಲಿಸಿದ ಬೇಡಿಕೆಗಳು ‘ಕೇಡು’ ಎಂಬ ಮಾತಿನಲ್ಲಿ ಮುಗಿಯುತ್ತವೆ. ಅದನ್ನು ದಿನವೂ ಬಾಯಿಂದ ಹೇಳುತ್ತಿದ್ದ ಜನರಿಗೆ ಕೇಡಿನ ಹೆಸರಿನಲ್ಲಿ ಬಾಯಿ ಮುಚ್ಚಲು ಮನಸ್ಸು ಬಂದಿರಲಿಕ್ಕಿಲ್ಲ.

ಪ್ರಶ್ನೆ: ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಿಂತುಹೋಗಿದೆ. ಮಕ್ಕಳಿಗೆ ಟ್ಯೂಷನ್, ನಮಗೆ ಡ್ಯೂಟಿ. ಮತ್ತೆ ಹೇಗೆ ಆರಂಭಿಸುವುದು?
(ಓದುಗರೊಬ್ಬರು, ಮಂಗಳೂರು)

ಉತ್ತರ: ಹತ್ತು ನಿಮಿಷದಿಂದ ಆರಂಭಿಸಿ, ರಾತ್ರಿ ಊಟದ ತಟ್ಟೆ ಎತ್ತುವ ಮೊದಲೇ; ಎದ್ದರೆ ಒಬ್ಬೊಬ್ಬರು ಒಂದೊಂದು ಕೋಣೆ ಸೇರುತ್ತಾರೆ. ಹಾಡಿನ ಒಂದು ಚರಣ ಸಾಕು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಡಿ. ಎಡಪುಟದಲ್ಲಿ ಮಕ್ಕಳು ತಮ್ಮ ಕೈಯಿಂದಲೇ ಬೇಡಿಕೆಗಳನ್ನು ಬರೆಯಲಿ: ಗಣಿತದ ಪರೀಕ್ಷೆ, ಅಜ್ಜನ ಮೊಣಕಾಲು, ಕಾಣೆಯಾದ ಬೆಕ್ಕು, ಏನಿದ್ದರೂ ಆಗಲಿ. ಬಲಪುಟವನ್ನು ಸ್ತೋತ್ರಕ್ಕೆ ಬಿಡಿ. ಯೇಸುಸ್ವಾಮಿ ವಾಸಿಮಾಡಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಸ್ತೋತ್ರ ಹೇಳಲು ಹಿಂದಿರುಗಿ ಬಂದವನು ಒಬ್ಬನೇ. ಕೇಳಿದ್ದನ್ನು ಬರೆದಿಟ್ಟಿದ್ದರೆ ಹಿಂದಿರುಗುವ ದಾರಿ ನೆನಪಿರುತ್ತದೆ. ಕೆಲವು ಬಲಪುಟಗಳು ವರ್ಷಗಟ್ಟಲೆ ಖಾಲಿಯೇ ಉಳಿಯುತ್ತವೆ. ಅವನ್ನು ಏನಾದರೂ ಸಮಾಧಾನದ ಮಾತಿನಿಂದ ತುಂಬಿಸಲು ಹೋಗಬೇಡಿ, ಖಾಲಿಯಾಗಿಯೇ ಬಿಡಿ.