ಜೋಳದ ಡಬ್ಬಿಯಲ್ಲಿದ್ದ ಮಾತ್ರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಗರ್ಭನಿರೋಧಕದ ಸಲಹೆಗೆ ನನ್ನ ಹತ್ತಿರ ಬಂದವರು, ರಾಯಚೂರು ಕಡೆಯ ಹಳ್ಳಿಯವರು. ವಯಸ್ಸು 23. ಇಬ್ಬರು ಹೆಣ್ಣುಮಕ್ಕಳು, ಚಿಕ್ಕದಕ್ಕೆ 11 ತಿಂಗಳು. ಗಂಡ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾನೆ. ಹಬ್ಬಕ್ಕೋ ಜಾತ್ರೆಗೋ ಹೇಳದೆ ಕೇಳದೆ ಬಂದಿಳಿಯುತ್ತಾನೆ. "ಇನ್ನೊಂದು ಬೇಕ್ರಿ ಅಕ್ಕಾರ, ಆದ್ರ ಈಗ ಬ್ಯಾಡ" ಅಂದರು.

ಆಶಾ ಕಾರ್ಯಕರ್ತೆ ಕೊಟ್ಟ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯನ್ನು ಜೋಳದ ಡಬ್ಬಿಯ ತಳದಲ್ಲಿ ಇಟ್ಟಿದ್ದರಂತೆ. ಗಿರಣಿಗೆ ಕೊಡಲು ಅತ್ತೆ ಜೋಳ ಅಳೆಯುವಾಗ ಸೇರಿನ ಜೊತೆ ಅದೂ ಮೇಲೆ ಬಂತು. ಗಂಡುಮಗು ಆಗುವ ಮುಂಚೆ ಇದೆಲ್ಲ ಯಾಕೆ ಅಂತ ರಂಪ. ಹಳ್ಳಿ ಹೆಂಗಸರಿಗೆ ತಿಳಿವಳಿಕೆ ಕಡಿಮೆ ಅಂತ ಬರೆದುಬಿಡೋದು ಸುಲಭ. ಇವರಿಗೆ ಎಲ್ಲ ಗೊತ್ತಿತ್ತು. ಮನೆಯಲ್ಲಿ ಇವರದೇ ಅಂತ ಒಂದು ಬೀಗದ ಪೆಟ್ಟಿಗೆ ಇರಲಿಲ್ಲ, ಅಷ್ಟೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಅಲ್ಲಿಯವರೆಗಿನ ವರ್ಷಗಳನ್ನು ಹೆಂಗಸು ಹೇಗೆ ದಾಟುತ್ತಾಳೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸೋಣ ಅಂದೆ. ಅದು ಎದೆಗೆ ಏರುತ್ತದೆ ಅಂತ ಓರಗಿತ್ತಿ ಹೆದರಿಸಿದ್ದಳು. ಗರ್ಭಕೋಶದ ಚಿತ್ರ ಬರೆದು ತೋರಿಸಿದೆ, ಹೆದರಿಕೆ ಹೋಯಿತು. ಆದರೆ ಹಿಮೋಗ್ಲೋಬಿನ್ 8.4, ರಕ್ತ ಕಡಿಮೆ. ಕಾಪರ್-ಟಿ ಹಾಕಿಸಿದ ಮೊದಲ ತಿಂಗಳುಗಳಲ್ಲಿ ಸ್ರಾವ ಹೆಚ್ಚಾಗಬಹುದು, ಹಾಗಾಗಿ ನನಗೇ ಮನಸ್ಸು ಬರಲಿಲ್ಲ. 3 ತಿಂಗಳಿಗೊಮ್ಮೆ ತಗೊಳ್ಳುವ ಅಂತರಾ ಗರ್ಭನಿರೋಧಕ ಇಂಜೆಕ್ಷನ್ ಆದರೆ ಮನೆಯಲ್ಲಿ ಬಚ್ಚಿಡುವುದು ಏನೂ ಇಲ್ಲ. ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು, ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು ಅಂತ ಹೇಳಿದೆ. ನಿಂತರೆ ರಕ್ತ ಒಳಗೆ ಕೂಡಿಕೊಳ್ಳೋದಿಲ್ಲ, ನಿಮಗೆ ರಕ್ತ ಉಳಿಯುತ್ತದೆ ಅಂದೆ.

ಅವರು ನಕ್ಕರು. "ನಾ ಹೊರಗ ಕೂಡ್ಲಿಲ್ಲಂದ್ರ ಅತ್ತಿ ಬಸುರಿ ಅಂತಾಳ್ರಿ."

ಇಷ್ಟು ವರ್ಷದ ಕೆಲಸದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ.

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಅವರೇ ಹೇಳಿದರು: ರಕ್ತ ಕಡಿಮೆ ಐತಿ, ಅದಕ್ಕ ಸೂಜಿ ಅಂತೀನಿ. ಸುಳ್ಳು ಹೇಳಿ ಅಂತ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಕಬ್ಬಿಣಾಂಶದ ಮಾತ್ರೆ ಕೊಡಿಸಿದೆ, ಅದನ್ನು ಬಚ್ಚಿಡಬೇಕಿಲ್ಲ. ಗಂಡನ ಒಪ್ಪಿಗೆ ಸಹಿ ಬೇಕಿಲ್ಲ, ಆದರೆ ಅವನು ಬಂದಾಗ ಕರೆತರೋಕೆ ಮನಸ್ಸಿದ್ದರೆ ನಾನೇ ಮಾತಾಡ್ತೀನಿ ಅಂದೆ. ನೋಡೋಣ ಅಂದರು.

ಎರಡನೇ ಡೋಸ್‌ಗೆ ಸಂತೆ ದಿನ ಬಂದರು, 9 ದಿನ ತಡವಾಗಿ. 4 ವಾರದವರೆಗೆ ತಡವಾದರೂ ನಡೆಯುತ್ತದೆ, ಹಾಕಿಸಿ ಕಳಿಸಿದೆ. ಇಂಜೆಕ್ಷನ್ ಕಾರ್ಡು ನನ್ನ ಮೇಜಿನ ಡ್ರಾಯರ್‌ನಲ್ಲೇ ಇದೆ.