ಹಚ್ಚೆ, ಒಂಟಿ, ಪಂಚೆ: ಈ ತಿಂಗಳ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಮೂಲತಃ ಉಡುಪಿ ಕಡೆಯವರು, 32 ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ನಮ್ಮ ಯಜಮಾನರು ಹೋಟೆಲ್ ನಡೆಸುತ್ತಾರೆ. ಮಗಳಿಗೆ ಒಂದು ಸಂಬಂಧ ಬಂದಿದೆ. ಜಾತಕ ಕೂಡಿದೆ, ಹುಡುಗ ಐರೋಲಿಯಲ್ಲಿ ಇಂಜಿನಿಯರ್, ಮನೆತನವೂ ಗೊತ್ತಿರುವುದೇ. ಮಾಟುಂಗಾದ ಬಂಧುಗಳ ಮನೆಯಲ್ಲಿ ಎರಡೂ ಕಡೆಯವರು ಸೇರಿದಾಗ, ಸೆಕೆಯೆಂದು ಹುಡುಗ ಅಂಗಿಯ ತೋಳು ಮಡಚಿದ. ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೂ ಹಚ್ಚೆ ಇತ್ತು, ಕಿವಿಯಲ್ಲಿ ಹರಳೂ ಇತ್ತು. ನಮ್ಮ ಮುಖ ನೋಡಿದ ಅವನ ತಾಯಿ, "ಅದು ಶಿವನ ತ್ರಿಶೂಲ, ಡಮರು, ಬೇರೇನೂ ಅಲ್ಲ" ಎಂದರು. ಮನೆಗೆ ಬಂದ ಮೇಲೆ ನಮ್ಮವರು, "ಇವತ್ತು ಕೈ ಚುಚ್ಚಿಸಿಕೊಂಡವನು ನಾಳೆ ಏನು ಮಾಡಿಯಾನೋ" ಎಂದು ಹಟ ಹಿಡಿದಿದ್ದಾರೆ. ದೇವರ ಚಿತ್ರವೇ ಆಗಿರುವುದರಿಂದ ಒಪ್ಪಬಹುದಲ್ಲವೇ?
(ಹೆಸರು ಬೇಡ, ಡೊಂಬಿವಲಿ)

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ತೊಡಕಿರುವುದು ಅಲ್ಲಿಯೇ. ತ್ರಿಶೂಲವಾದರೆ ಒಪ್ಪಿಗೆ, ತಲೆಬುರುಡೆಯಾದರೆ ನಿರಾಕರಣೆ ಎನ್ನುವುದಾದರೆ ನಿಮ್ಮ ಯಜಮಾನರೂ ನೀವೂ ಮಾಡುತ್ತಿರುವ ತಪ್ಪು ಒಂದೇ. ಅವರು ಚರ್ಮದ ಮೇಲಿನ ಶಾಯಿಯಲ್ಲಿ ದುರ್ಗುಣವನ್ನು ಓದಿದರು, ನೀವು ಅದೇ ಶಾಯಿಯಲ್ಲಿ ಸದ್ಗುಣವನ್ನು ಹುಡುಕುತ್ತಿದ್ದೀರಿ. ದೇವರ ಹೆಸರನ್ನು ಎದೆಯ ಮೇಲೆ ಬರೆಸಿಕೊಂಡು ಮನೆಯಲ್ಲಿ ಹೆಂಡತಿಗೆ ಕೈಯೆತ್ತುವವರು ನಮ್ಮ ಕಟ್ಟಡದಲ್ಲಿಯೇ ಇದ್ದರು.

ನನ್ನ ಅಜ್ಜಿ ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿಯವಳು. ಅವಳ ಎರಡೂ ಮುಂಗೈಗಳ ಮೇಲೆ ತುಳಸಿಕಟ್ಟೆ, ಚೇಳು, ಐದು ಚುಕ್ಕೆಗಳ ಸಾಲು ಇದ್ದವು. ನಮ್ಮ ಕಡೆ ಅದಕ್ಕೆ ಹಣಚಿಬೊಟ್ಟು ಎನ್ನುತ್ತಾರೆ. ನಾನು ನೋಡುವ ಹೊತ್ತಿಗೆ ಆ ಗೆರೆಗಳು ಹಸಿರುಗಟ್ಟಿ, ಸುಕ್ಕುಗಳೊಳಗೆ ಸೇರಿ, ಚೇಳಿನ ಕೊಂಡಿ ಯಾವುದು, ಕೈಯ ನರ ಯಾವುದು ಎಂದು ತಿಳಿಯದಂತಾಗಿದ್ದವು. ಅವಳು ರೊಟ್ಟಿ ಬಡಿಯಲು ಕುಳಿತರೆ ಜೋಳದ ಹಿಟ್ಟು ಮೆತ್ತಿಕೊಂಡು ಚೇಳು ಅರ್ಧ ಮಾಯವಾಗುತ್ತಿತ್ತು. "ಸತ್ತ ಮ್ಯಾಲ ಬಂಗಾರ ಮಕ್ಕಳು ಬಿಚ್ಚಿಕೋತಾರ, ಇದೊಂದ ಸಂಗಾಟ ಬರೂದು" ಎನ್ನುತ್ತಿದ್ದಳು. ಹಚ್ಚೆಯಿದೆಯೆಂದು ಅವಳ ಶೀಲವನ್ನು ಶಂಕಿಸಿದವರಿಲ್ಲ. ಆ ಕಾಲದಲ್ಲಿ ಬೋಳುಗೈಯ ಸೊಸೆ ಮನೆಗೆ ಬಂದಿದ್ದರೆ ಹುಬ್ಬೇರಿಸುತ್ತಿದ್ದರೇನೋ.

ಆ ಹಚ್ಚೆಯನ್ನು ಚುಚ್ಚಿದವಳು ಮನೆಯಿಂದ ಮನೆಗೆ ಬರುತ್ತಿದ್ದ ಕೊರವರ ಹೆಂಗಸು. ಅಜ್ಜಿಯ ಕೈಗೆ ಅಲಂಕಾರ ಮಾಡಿದ ಅಂಥವರ ಸಮುದಾಯಗಳ ಹಣೆಗೆ ಸರಕಾರವೇ ಬೇರೊಂದು ಮುದ್ರೆ ಒತ್ತಿತ್ತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ವಿಸ್ತರಿಸಿ, ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು; ಅವರನ್ನು ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಹೆಸರೇ ಉಳಿದಿದೆ. ಕಾಯಿದೆ 1952ರಲ್ಲಿ ರದ್ದಾಯಿತು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ, ತಲೆಬುರುಡೆಯ ಆಕಾರ, ಕಿವಿಯ ಗಾತ್ರ, ಮೈಮೇಲಿನ ಹಚ್ಚೆ ಇವುಗಳಿಂದ ಹುಟ್ಟು ಅಪರಾಧಿಯನ್ನು ಗುರುತಿಸಬಹುದೆಂದು 1876ರಲ್ಲಿ ಸಾರಿದ್ದ. ಆ ವಾದ ವಿಜ್ಞಾನದಲ್ಲಿ ಸತ್ತು ಎಷ್ಟೋ ಕಾಲವಾಗಿದೆ. ಆದರೆ "ಕೈ ಚುಚ್ಚಿಸಿಕೊಂಡವನು ನಾಳೆ ಏನು ಮಾಡಿಯಾನೋ" ಎಂಬ ಮಾತಿನಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ನಿಮ್ಮ ಯಜಮಾನರನ್ನು ಹಳೆಯ ಕಾಲದವರೆಂದು ನಾನು ತಳ್ಳಿಹಾಕುವುದಿಲ್ಲ. ಗಲ್ಲಾದಲ್ಲಿ ಕುಳಿತು, ಕೆಲಸ ಕೇಳಿಕೊಂಡು ಬಂದ ಹುಡುಗನನ್ನು ಒಂದೇ ನೋಟದಲ್ಲಿ ಅಳೆದು ಇಟ್ಟುಕೊಳ್ಳುವುದೋ ಕಳುಹಿಸುವುದೋ ಎಂದು ತೀರ್ಮಾನಿಸಬೇಕಾದ ವೃತ್ತಿ ಅವರದು. ಅವರ ಪ್ರಾಯಕಾಲದ ಮುಂಬಯಿಯಲ್ಲಿ ಕೈಮೇಲೆ ಹಚ್ಚೆಯಿದ್ದ ಯುವಕ ಹೋಟೆಲಿಗೆ ಬಂದರೆ ಹಫ್ತಾ ಕೇಳಲು ಬಂದನೇನೋ ಎಂದು ಎದೆ ಹೊಡೆದುಕೊಳ್ಳುತ್ತಿದ್ದಿರಬಹುದು. ಕಣ್ಣು ಆಗ ಕಲಿತದ್ದನ್ನು ಈಗಲೂ ಓದುತ್ತಿದೆ, ಅಷ್ಟೆ. ಅದೇ ಗುರುತನ್ನು ಇಂದು ಬ್ಯಾಂಕಿನವರು, ದಾದಿಯರು, ಕ್ರಿಕೆಟಿಗರು ಹಾಕಿಸಿಕೊಂಡಿದ್ದಾರೆ.

ಇಷ್ಟು ಹೇಳುವ ನಾನೂ ಈ ವಿಷಯದಲ್ಲಿ ಶುದ್ಧ ಹಸ್ತದ ವ್ಯಕ್ತಿಯಲ್ಲ. 1986ರಲ್ಲಿ ಒಂದು ಬ್ಯಾಂಕಿನ ಸಿಬ್ಬಂದಿ ವಿಭಾಗದಲ್ಲಿದ್ದಾಗ, ಗುಮಾಸ್ತರ ಆಯ್ಕೆಯ ಸಂದರ್ಶನಕ್ಕೆ ಭಾಂಡೂಪ್‌ನಿಂದ ಒಬ್ಬ ಹುಡುಗ ಬಂದಿದ್ದ, ಮಂಡ್ಯ ಕಡೆಯವನು. ಎರಡೂ ಕಿವಿಗಳಲ್ಲಿ ಕೆಂಪು ಹರಳಿನ ಒಂಟಿ. ಅಂಕಪಟ್ಟಿಯಲ್ಲಿ ಐದು ಕಾಲಂಗಳಿದ್ದವು, ಒಂದೊಂದಕ್ಕೆ ಹತ್ತು ಅಂಕ. ಅವನು ಹೊರಟ ಮೇಲೆ ನಾನು ನಾಲ್ಕು, ಐದು, ನಾಲ್ಕು, ಐದು, ನಾಲ್ಕು ಎಂದು ಬರೆದುಕೊಂಡು ಹೋದೆ. ಪಕ್ಕದಲ್ಲಿದ್ದ ಅಧ್ಯಕ್ಷರು, ಪುಣೆಯ ಸದಾಶಿವ ಪೇಠೆಯ ಹಿರಿಯರು, ಹಾಳೆಯನ್ನು ಎಳೆದುಕೊಂಡು ನೋಡಿ, "ಲೆಕ್ಕದಲ್ಲಿ ಐದು ಯಾಕೆ?" ಎಂದು ಕೇಳಿದರು. ಮೂರೂ ಲೆಕ್ಕಗಳನ್ನು ಅವನು ಕಾಗದ ಮುಟ್ಟದೆ ಬಾಯಲ್ಲೇ ಬಿಡಿಸಿದ್ದ. ನನ್ನಲ್ಲಿ ಉತ್ತರವಿರಲಿಲ್ಲ. ತಮ್ಮ ತಂದೆಯವರು ಬಲಗಿವಿಯ ಮೇಲ್ಭಾಗದಲ್ಲಿ ಮುತ್ತಿನ ಭಿಕಬಾಳಿ ಧರಿಸಿಯೇ ಕಚೇರಿಗೆ ಹೋಗುತ್ತಿದ್ದರೆಂದು ಅವರು ನಗುತ್ತ ಹೇಳಿದರು. ಲೆಕ್ಕದ ಐದನ್ನು ಒಂಬತ್ತು ಮಾಡಿದೆ. ಉಳಿದ ನಾಲ್ಕು ಕಾಲಂಗಳನ್ನು ಹಾಗೆಯೇ ಬಿಟ್ಟೆ. ಹುಡುಗ ಆಯ್ಕೆಯಾಗಲಿಲ್ಲ. ಆಮೇಲೆ ಅವನು ಏನಾದನೋ ನನಗೆ ತಿಳಿಯದು.

ಈ ರೋಗಕ್ಕೆ ಹೆಸರಿದೆ ಎಂದು ನನಗೆ ತಿಳಿದದ್ದು ಅದಕ್ಕೂ ಕೆಲವು ವರ್ಷಗಳ ನಂತರ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಬೇರೆಬೇರೆಯಾಗಿ ಕೊಟ್ಟ ಅಂಕಗಳು ಒಂದಕ್ಕೊಂದು ಅನುಮಾನ ಬರುವಷ್ಟು ಅಂಟಿಕೊಂಡಿರುವುದನ್ನು 1920ರಲ್ಲಿ ತೋರಿಸಿದರು. ಒಂದು ಗುಣದ ಬೆಳಕೋ ನೆರಳೋ ಉಳಿದ ಗುಣಗಳ ಮೇಲೂ ಬೀಳುವ ಇದನ್ನು ಕನ್ನಡದಲ್ಲಿ ಪ್ರಭಾವಳಿ ಪರಿಣಾಮ ಎನ್ನಬಹುದು. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಕಂಡರೂ ಜನ ಅದರ ಬಗ್ಗೆ ತೀರ್ಪು ಕೊಟ್ಟುಬಿಡುತ್ತಾರೆಂದು ಕಂಡುಕೊಂಡರು. ಹೆಚ್ಚು ಹೊತ್ತು ನೋಡಲು ಬಿಟ್ಟಾಗ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ, ತೀರ್ಪಿನ ಮೇಲಿನ ಭರವಸೆ ಮಾತ್ರ ಹೆಚ್ಚಿತು. ಮಾಟುಂಗಾದಲ್ಲಿ ನೀವು ಉಪ್ಪಿಟ್ಟು, ಕಾಫಿಯ ನಡುವೆ ಎರಡು ಗಂಟೆ ಕುಳಿತಿರಿ. ನಿಮ್ಮವರ ತೀರ್ಮಾನ ಅವನು ತೋಳು ಮಡಚಿದ ಗಳಿಗೆಯಲ್ಲೇ ಆಗಿಹೋಗಿತ್ತು.

ಆದುದರಿಂದ ತೋಳು ಮಡಚದೇ ಇದ್ದಿದ್ದರೆ ಏನು ವಿಚಾರಿಸುತ್ತಿದ್ದಿರೋ ಅದನ್ನೇ ವಿಚಾರಿಸಿ. ಸಾಲವೆಷ್ಟು, ಕುಡಿತವುಂಟೇ, ಹಿಂದಿನ ಕೆಲಸ ಏಕೆ ಬಿಟ್ಟ, ಕೋಪ ಬಂದಾಗ ಹೇಗಿರುತ್ತಾನೆ ಎಂಬುದನ್ನು ಅವನ ಸಹೋದ್ಯೋಗಿಗಳಿಂದ, ನೆರೆಯವರಿಂದ ತಿಳಿಯಿರಿ. ಹಚ್ಚೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಿದೆ, ಅದು ವೈದ್ಯಕೀಯದ್ದು: ಎಲ್ಲಿ ಹಾಕಿಸಿದ, ಹೊಸ ಸೂಜಿ ಬಳಸಿದ್ದರೇ? ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದಾದ್ದರಿಂದಲೇ ನಮ್ಮ ದೇಶದಲ್ಲಿ ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತದಾನ ಪಡೆಯುವುದಿಲ್ಲ. ಮದುವೆಗೆ ಮುಂಚೆ ರಕ್ತಪರೀಕ್ಷೆಯಾಗಲಿ. ಆದರೆ ಹುಡುಗನಿಗೊಬ್ಬನಿಗೇ ಅಲ್ಲ, ನಿಮ್ಮ ಮಗಳಿಗೂ.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಜಾತಕವಿದೆ, ಹುಡುಗನ ತಾಯಿಯ ಮಾತಿದೆ, ಯಜಮಾನರ ಹಟವಿದೆ. ಮಗಳು ಏನೆಂದಳು ಎಂಬುದು ಒಂದು ಸಾಲಿನಲ್ಲೂ ಇಲ್ಲ.

ಪ್ರಶ್ನೆ: ನನಗೆ 22 ವರ್ಷ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸುತ್ತಿದ್ದೇನೆ. ಕಾಲೇಜಿನಲ್ಲಿದ್ದಾಗ ಬಲ ಮುಂದೋಳಿನ ಒಳಬದಿಗೆ ಅಮ್ಮನ ಹೆಸರನ್ನು ಬರೆಸಿಕೊಂಡೆ. ಕೆಲಸ ತಪ್ಪುತ್ತದೆಂದು ಗೆಳೆಯರು ಹೆದರಿಸುತ್ತಿದ್ದಾರೆ. ಅಮ್ಮನ ಹೆಸರೂ ಅಪರಾಧವೇ?
(ಓದುಗ, ಕಲ್ಯಾಣ)

ಉತ್ತರ: ಹೆಸರಿನಲ್ಲಿ ದೋಷವಿಲ್ಲ, ಕೈಯಲ್ಲಿದೆ. ಈ ಪಡೆಗಳ ವೈದ್ಯಕೀಯ ಮಾರ್ಗಸೂಚಿ ಧಾರ್ಮಿಕ ಚಿಹ್ನೆಗಳಿಗೂ ಹೆಸರುಗಳಿಗೂ ಅವಕಾಶ ಕೊಡುತ್ತದೆ. ಆದರೆ ಮುಂದೋಳಿನ ಒಳಭಾಗವಾದರೆ ಅದು ಎಡಗೈಯೇ ಆಗಿರಬೇಕು, ಏಕೆಂದರೆ ಸೆಲ್ಯೂಟ್ ಮಾಡುವುದು ಬಲಗೈ. ಅಂಗೈಯ ಹಿಂಬದಿಗೂ ಅನುಮತಿಯಿದೆ. ಗಾತ್ರ ಆ ಭಾಗದ ಕಾಲು ಪಾಲಿಗಿಂತ ಕಡಿಮೆಯಿರಬೇಕು. ಭೂಸೇನೆಯ ನಿಯಮ ಬೇರೆ, ಅಲ್ಲಿ ಬುಡಕಟ್ಟು ಪ್ರದೇಶಗಳ ಅಭ್ಯರ್ಥಿಗಳಿಗೆ ಸಂಪ್ರದಾಯದ ಹಚ್ಚೆಗಳ ವಿಷಯದಲ್ಲಿ ವಿನಾಯಿತಿಯೂ ಇದೆ. ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ.

ತೆಗೆಸುವುದಾದರೆ ಈಗಲೇ ಆರಂಭಿಸಿ. ಚರ್ಮದ ಮೇಲ್ಪದರ ಸದಾ ಉದುರಿ ಹೊಸದಾಗುತ್ತಿದ್ದರೂ ಹಚ್ಚೆಯ ಬಣ್ಣ ಅದರ ಕೆಳಗಿನ ಪದರದಲ್ಲಿ ಕುಳಿತಿರುತ್ತದೆ. ಲೇಸರ್ ಆ ಬಣ್ಣದ ಕಣಗಳನ್ನು ಒಡೆಯುತ್ತದೆ, ಒಡೆದ ಚೂರುಗಳನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಹೀಗಾಗಿ ವಾರಗಟ್ಟಲೆ ಅಂತರದ ಹಲವು ಸರದಿಗಳು ಬೇಕಾಗುತ್ತವೆ. ಕಪ್ಪು ಬಣ್ಣ ಸುಲಭವಾಗಿ ಹೋಗುತ್ತದೆ. ಹಳದಿ, ಹಸಿರು ಹಟಮಾರಿಗಳು. ಚರ್ಮರೋಗ ತಜ್ಞರಲ್ಲಿಗೇ ಹೋಗಿ. ಮಾರುಕಟ್ಟೆಯ ಆಸಿಡ್ ಲೇಪಗಳನ್ನು ಹಚ್ಚಿ ಸುಟ್ಟುಕೊಂಡರೆ ಹಚ್ಚೆಯ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ, ವೈದ್ಯಕೀಯ ಪರೀಕ್ಷೆಯಲ್ಲಿ ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಈ ನಿಯಮ ನಿಮಗೆ ಕಠೋರವೆನಿಸಬಹುದು. ಆದರೆ ಅದು ಅಚ್ಚಾಗಿದೆ, ಎಲ್ಲರಿಗೂ ಮೊದಲೇ ಗೊತ್ತಿದೆ, ನಿಮ್ಮ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. 1986ರಲ್ಲಿ ಮಂಡ್ಯದ ಹುಡುಗನಿಗೆ ನಾನು ಮಾಡಿದ್ದು ಯಾವ ಕಾಗದದಲ್ಲೂ ಇರಲಿಲ್ಲ. ಅದಕ್ಕೆ ಅವನು ಮೇಲ್ಮನವಿಯನ್ನಾದರೂ ಎಲ್ಲಿ ಸಲ್ಲಿಸಬೇಕಿತ್ತು?

ಪ್ರಶ್ನೆ: ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನದಲ್ಲಿ 2025ರಲ್ಲಿ ವಸ್ತ್ರಸಂಹಿತೆ ಬಂತು. ತುಂಡುಡುಗೆಯವರಿಗೆ ಪ್ರವೇಶವಿಲ್ಲ ಎನ್ನುವುದೂ ತೋರಿಕೆಯಿಂದ ಅಳೆಯುವುದೇ ಅಲ್ಲವೇ?
(ಓದುಗಳು, ಗೋರೆಗಾಂವ್)

ಉತ್ತರ: ಸ್ಥಳದ ಮರ್ಯಾದೆಯನ್ನು ಮುಂದಾಗಿ ತಿಳಿಸಿ ಕೇಳಿಕೊಳ್ಳುವುದು ಒಂದು, ಬಟ್ಟೆ ನೋಡಿ ಭಕ್ತಿಯನ್ನು ಅಳೆಯುವುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಉಡುಪಿಯ ಕೃಷ್ಣಮಠಕ್ಕೆ ಹೋದ ಗಂಡಸರು ಅಂಗಿ ಕಳಚಿ ಒಳಗೆ ಹೋಗುತ್ತಾರೆ. ಪ್ರಭಾದೇವಿಯಲ್ಲಿ ಮೈ ಮುಚ್ಚುವುದು ಹೇಗೆ ಮರ್ಯಾದೆಯೋ ಅಲ್ಲಿ ಮೈ ತೆರೆಯುವುದೇ ಮರ್ಯಾದೆ. ಎರಡನ್ನೂ ಒಂದೇ ಮನುಷ್ಯ ಒಂದೇ ವಾರದಲ್ಲಿ ಪಾಲಿಸಿ ಬರುತ್ತಾನೆ, ಅವನ ಭಕ್ತಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಪ್ರಶ್ನೆ: ಊರಿನಿಂದ ಬಂದ ನನ್ನ ಭಾವ ಪಂಚೆ ಮಡಚಿ ಕಟ್ಟಿ, ಹೆಗಲ ಮೇಲೆ ಬೈರಾಸು ಹಾಕಿ, ಹಲಸಿನ ಹಣ್ಣಿನ ಗೋಣಿಚೀಲ ಹೊತ್ತು ಥಾಣೆಯ ನಮ್ಮ ಸೊಸೈಟಿಗೆ ಬಂದರು. ವಾಚ್‌ಮನ್ ಅವರನ್ನು ಕೆಲಸದವರ ಲಿಫ್ಟಿಗೆ ಕಳುಹಿಸಿದ. ಊರಿನಲ್ಲಿ ಹತ್ತು ಎಕರೆ ಅಡಿಕೆ ತೋಟವಿರುವವರಿಗೆ ಈ ಅವಮಾನ! ಅವನನ್ನು ಕೆಲಸದಿಂದ ತೆಗೆಸಬೇಕೆಂದಿದ್ದೇನೆ.
(ಓದುಗ, ಥಾಣೆ)

ಉತ್ತರ: ತೆಗೆಸಬೇಡಿ. ಪಂಚೆಯವರು, ಡಬ್ಬ ಹೊತ್ತವರು, ಮೀನಿನ ಬುಟ್ಟಿಯವರು ಆ ಲಿಫ್ಟಿಗೆ, ಪ್ಯಾಂಟಿನವರು ಈ ಲಿಫ್ಟಿಗೆ ಎಂಬ ಪಾಠವನ್ನು ಅವನು ತನ್ನ ಊರಿನಿಂದ ಕಲಿತು ಬಂದದ್ದಲ್ಲ. "ಕೆಲಸದವರಿಗೆ" ಎಂಬ ಫಲಕವನ್ನು ತೂಗುಹಾಕಿದವರು ನೀವುಗಳೇ. ಅದನ್ನು ಓದಿಕೊಂಡು ಜನರ ಮೈಮೇಲಿನ ಬಟ್ಟೆಯೊಡನೆ ಹೋಲಿಸಿ ನೋಡುವ ಕೆಲಸಕ್ಕೇ ಅವನಿಗೆ ಸಂಬಳ. ಹಲಸಿನ ಹಣ್ಣು ಹೊತ್ತವರಿಗೆ ದೊಡ್ಡ ಲಿಫ್ಟೇ ಅನುಕೂಲವಾಗಿತ್ತೇನೋ. ಭಾವನವರು ಬೇಸರಪಟ್ಟರೆಂದು ನೀವೂ ಬರೆದಿಲ್ಲ.

ಅಡಿಕೆ ತೋಟದ ಮಾತು ನನ್ನನ್ನು ತಡೆದು ನಿಲ್ಲಿಸಿತು. ತೋಟವಿಲ್ಲದ ಪಂಚೆಯವರನ್ನು ಅಲ್ಲಿಗೆ ಕಳುಹಿಸಿದರೆ ಸರಿಯೇ? ನಿಮ್ಮ ಮನೆಯ ಪಾತ್ರೆ ತೊಳೆಯುವ ಬಾಯಿ ದಿನಕ್ಕೆರಡು ಬಾರಿ ಆ ಲಿಫ್ಟಿನಲ್ಲೇ ಹತ್ತಿ ಇಳಿಯುತ್ತಾರೆ. ಅದಕ್ಕಾಗಿ ನೀವು ಇದುವರೆಗೆ ನನಗೆ ಪತ್ರ ಬರೆದಿರಲಿಲ್ಲ. ವಾಚ್‌ಮನ್‌ನನ್ನು ತೆಗೆಸುವ ಅರ್ಜಿಯ ಬದಲು ಆ ಫಲಕವನ್ನು ತೆಗೆಸುವ ಅರ್ಜಿಯನ್ನು ಸೊಸೈಟಿಯ ಕಾರ್ಯದರ್ಶಿಗಳಿಗೆ ಕೊಡಿ. ಎಷ್ಟು ಮನೆಯವರು ಸಹಿ ಹಾಕಿದರೆಂದು ಮುಂದಿನ ತಿಂಗಳು ಬರೆದು ತಿಳಿಸಿ.