ನಾಯಿ ಬಿಸಿನೆಸ್ ಆಮೇಲೆ, ಮೊದಲು ಮನೆ ಬಾಗಿಲು ನೋಡಿ

ಈ ಸಲನೂ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಇಂಗ್ಲೆಂಡ್‌ಗೆ ಬಂದಿದೀವಿ, ನಾಯಿ ಅಂದ್ರೆ ಪ್ರಾಣ, ಮನೇಲೇ ನಾಯಿ ನೋಡ್ಕೊಳ್ಳೋ ಬಿಸಿನೆಸ್ ಮಾಡ್ಬೋದಾ ಅಂತ. ಹನ್ನೊಂದು ವರ್ಷದಿಂದ ಇಲ್ಲಿ ಇದೇ ಕೆಲಸ ಮಾಡ್ತಿದೀನಿ, ಹಾಗಾಗಿ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೀತೀನಿ, ಉಳಿದಿದ್ದಕ್ಕೆ ಚುಟುಕಾಗಿ.

ಪ್ರಶ್ನೆ: ಗಂಡನ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಡಿಪೆಂಡೆಂಟ್ ಆಗಿ ಬಂದು ಎಂಟು ತಿಂಗಳಾಯ್ತು. ಬಾಡಿಗೆ ಮನೆ, ಎರಡು ಬೆಡ್‌ರೂಮ್, ಹಿಂದೆ ಸಣ್ಣ ಗಾರ್ಡನ್ ಇದೆ. ರಜಕ್ಕೆ ಹೋಗೋರ ನಾಯಿಗಳನ್ನ ಮನೇಲಿ ಇಟ್ಕೊಂಡು ನೋಡ್ಕೊಳ್ಳೋಣ ಅಂತಿದೀನಿ. ಒಂದು ಸಲಕ್ಕೆ ಎಷ್ಟು ನಾಯಿ ತಗೋಬೋದು? ನಮ್ಮೆಜಮಾನ್ರು "ಮೊದಲು ನಾಲ್ಕು ಕಸ್ಟಮರ್ ಸಿಗಲಿ, ಲೈಸೆನ್ಸ್ ಆಮೇಲೆ ನೋಡೋಣ" ಅಂತಾರೆ.

ಎಜಮಾನ್ರ ಮಾತು ಕೇಳ್ಬೇಡಿ. ವೀಸಾ ವಿಷಯದಲ್ಲಿ ನಿಮಗೆ ತೊಂದ್ರೆ ಇಲ್ಲ, ಸ್ಕಿಲ್ಡ್ ವರ್ಕರ್ ಡಿಪೆಂಡೆಂಟ್ ಸ್ವಂತ ಬಿಸಿನೆಸ್ ಮಾಡ್ಬೋದು. ಆದ್ರೆ ದುಡ್ಡಿಗೆ ಬೇರೆಯವರ ನಾಯೀನ ನಿಮ್ಮ ಮನೇಲಿ ರಾತ್ರಿ ಇಟ್ಕೊಂಡ್ರೂ ಅಷ್ಟೇ, ಡೇ ಕೇರ್ ಅಂತ ಬರೀ ಹಗಲು ಇಟ್ಕೊಂಡ್ರೂ ಅಷ್ಟೇ, ಕೌನ್ಸಿಲ್ (ಇಲ್ಲಿನ ನಗರಸಭೆ) ಲೈಸೆನ್ಸ್ ಬೇಕೇ ಬೇಕು. 2018ರ ಅಕ್ಟೋಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಲೈಸೆನ್ಸ್ ಇಲ್ದೆ ಮಾಡಿ ಸಿಕ್ಕಿಬಿದ್ರೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬೋದು. ವಾಟ್ಸಾಪ್ ಗ್ರೂಪಲ್ಲಿ "ನಾವು ಮಾಡ್ತಿದೀವಿ, ಯಾರೂ ಕೇಳಿಲ್ಲ" ಅನ್ನೋರನ್ನ ನಂಬ್ಬೇಡಿ, ಪಕ್ಕದ ಮನೆಯವರು ಬೊಗಳೋ ಸದ್ದಿಗೆ ಒಂದು ಕಂಪ್ಲೇಂಟ್ ಕೊಟ್ರೆ ಸಾಕು ಎಲ್ಲ ಹೊರಗೆ ಬರತ್ತೆ. ಶುರು ಮಾಡ್ಬೇಕು ಅನ್ಕೊಂಡಿರೋ ದಿನಕ್ಕಿಂತ ಕಡಿಮೆ ಅಂದ್ರೂ ಹತ್ತು ವಾರ ಮುಂಚೆ ಅರ್ಜಿ ಹಾಕಿ. ಇನ್‌ಸ್ಪೆಕ್ಟರ್ ಮನೆಗೆ ಬಂದು ನೋಡಿ ಒಂದರಿಂದ ಐದರವರೆಗೆ ಸ್ಟಾರ್ ಕೊಡ್ತಾರೆ, ಅದರ ಮೇಲೆ ಒಂದು, ಎರಡು ಅಥವಾ ಮೂರು ವರ್ಷಕ್ಕೆ ಲೈಸೆನ್ಸ್ ಸಿಗತ್ತೆ.

ಎಷ್ಟು ನಾಯಿ ಅಂತ ಕೇಳಿದ್ರಿ. ಅದನ್ನ ತೀರ್ಮಾನ ಮಾಡೋದು ನಿಮ್ಮ ಪ್ರೀತಿ ಅಲ್ಲ, ನಿಮ್ಮ ರೂಮುಗಳು. ಪ್ರತಿ ನಾಯಿಗೂ ಬೇಕಾದಾಗ ಬೇರೆ ನಾಯಿಗಳಿಂದ ದೂರ ಇಡೋಕೆ ಅದರದ್ದೇ ಅಂತ ಒಂದು ರೂಮ್ ಇರ್ಬೇಕು. ಎರಡು ಬೆಡ್‌ರೂಮಲ್ಲಿ ನೀವು, ಎಜಮಾನ್ರು, ಮಕ್ಕಳಿದ್ರೆ ಮಕ್ಕಳು ಮಲಗಿ ಮಿಕ್ಕಿದ್ದು ಏನು ಲೆಕ್ಕ ಹಾಕಿ. ಕ್ರೇಟಲ್ಲಿ, ಅಂದ್ರೆ ಕಂಬಿ ಗೂಡಲ್ಲಿ, ಹಾಕಿಟ್ರಾಯ್ತು ಅಂತೀರೇನೋ, ಅದೂ ಆಗಲ್ಲ. ಕ್ರೇಟ್ ಅಭ್ಯಾಸ ಇರೋ ನಾಯೀನೂ ದಿನದ 24 ಗಂಟೇಲಿ 3 ಗಂಟೆಗಿಂತ ಜಾಸ್ತಿ ಒಳಗೆ ಕೂಡಿಹಾಕೋ ಹಾಗಿಲ್ಲ. ಬೇರೆ ಬೇರೆ ಮನೆ ನಾಯಿಗಳನ್ನ ಒಟ್ಟಿಗೆ ಬಿಡ್ಬೇಕಾದ್ರೆ ಎಲ್ಲ ಓನರ್‌ಗಳ ಒಪ್ಪಿಗೆ ಬರವಣಿಗೇಲಿ ತಗೊಂಡಿರ್ಬೇಕು. ನನ್ನ ಕೇಳಿದ್ರೆ ಮೊದಲ ವರ್ಷ ಒಂದು ಸಲಕ್ಕೆ ಒಂದೇ ನಾಯಿ. ದುಡ್ಡು ಕಮ್ಮಿ ಬರತ್ತೆ ಅಂತ ಗೊತ್ತು, ಆದ್ರೂ ಒಂದೇ.

ಈಗ ಯಾರೂ ಕೇಳದೆ ಇರೋ ವಿಷಯ, ಬಾಗಿಲು. ನಾಯಿಗೂ ಹೊರಗೆ ಹೋಗೋ ಪ್ರತಿ ದಾರಿಗೂ ಮಧ್ಯೆ ಎರಡು ಭದ್ರವಾದ ತಡೆ ಇರ್ಬೇಕು ಅಂತ ಆ 2018ರ ನಿಯಮದಲ್ಲೇ ಇದೆ. ಸುಮಾರು ಮನೆಗಳಲ್ಲಿ ಮುಂಬಾಗಿಲು ತೆಗೆದ್ರೆ ನೇರ ರಸ್ತೆ. ಹಾಲಿಗೆ ಒಂದು ಎತ್ತರದ ಗೇಟ್ ಹಾಕಿಸ್ಲೇಬೇಕು, ಮಗೂಗೆ ಹಾಕೋ ಸಣ್ಣ ಗೇಟ್ ಸಾಲಲ್ಲ, ದೊಡ್ಡ ನಾಯಿ ಅದನ್ನ ಸಲೀಸಾಗಿ ಹಾರತ್ತೆ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಶುರು ಮಾಡಿದ ಎರಡನೇ ವರ್ಷ, ಇನ್ನೂ ಆ ನಿಯಮ ಬಂದಿರ್ಲಿಲ್ಲ, ರೇಸ್ ಟ್ರ್ಯಾಕಿಂದ ಬಿಡಿಸಿ ತಂದಿದ್ದ ಒಂದು ಗ್ರೇಹೌಂಡ್ ಹತ್ತು ದಿನಕ್ಕೆ ನಮ್ಮನೆಗೆ ಬಂದಿತ್ತು. ಎರಡನೇ ದಿನ ವಾಕಿಂಗ್‌ಗೆ ಹೊರಡ್ತಾ ಇದ್ದೆ, ಲೀಡ್, ಅಂದ್ರೆ ನಾಯಿ ಕಟ್ಟಿದ ಹಗ್ಗ, ಕೈಲಿತ್ತು, ಅಷ್ಟರಲ್ಲಿ ಬೆಲ್ ಆಯ್ತು, ಪಾರ್ಸಲ್‌ನೋರು. ಲೀಡ್ ಹಿಡ್ಕೊಂಡೇ ಇನ್ನೊಂದು ಕೈಲಿ ಬಾಗಿಲು ತೆಗೆದೆ. ನಾಯಿ ಮುಂದಕ್ಕೆ ನುಗ್ಗಲಿಲ್ಲ. ಕಿವಿ ಹಿಂದಕ್ಕೆ ಮಲಗಿಸ್ತು, ಹಿಂಗಾಲಿನ ಮೇಲೆ ಭಾರ ಹಾಕಿ ತಲೆ ಬಗ್ಗಿಸಿ ಹಿಂದೆ ಹಿಂದೆ ಸರೀತು, ಬಳೆ ಕಳಚಿದ ಹಾಗೆ ಕಾಲರ್ ಕಳಚಿ ನನ್ನ ಕೈಲಿ ಉಳೀತು. ಗ್ರೇಹೌಂಡ್‌ಗೆ ತಲೆಗಿಂತ ಕತ್ತು ದಪ್ಪ, ಮಾಮೂಲಿ ಕಾಲರ್ ನಿಲ್ಲಲ್ಲ, ಎಳೆದ್ರೆ ಬಿಗಿಯಾಗೋ ಮಾರ್ಟಿಂಗೇಲ್ ಕಾಲರೇ ಬೇಕು ಅಂತ ನನಗೆ ಗೊತ್ತಿತ್ತು. ಓನರ್ ಕಳಿಸಿದ ಕಾಲರ್ ಅಲ್ವಾ ಅಂತ ಸುಮ್ಮನಿದ್ದೆ. ಆಮೇಲೆ ನನ್ನ ಕಾಲ ಸಂದೀಲಿ ತೂರಿ ಪಾರ್ಸಲ್‌ನೋರ ಪಕ್ಕದಿಂದ ಹೋದ ನಾಯಿ ಸಿಕ್ಕಿದ್ದು ಹತ್ತೊಂಬತ್ತು ಗಂಟೆ ಆದ್ಮೇಲೆ, ಒಂದು ಸ್ಕೂಲ್ ಮೈದಾನದ ಬೇಲಿ ಹಿಂದೆ, ನಾಲ್ಕು ಪಾದದ ಮೆತ್ತೆನೂ ಹರಿದು ರಕ್ತ ಆಗಿತ್ತು. ಓನರ್ ಸ್ಪೇನಲ್ಲಿದ್ರು. ಅವರಿಗೆ ಫೋನ್ ಮಾಡಿ ಹೇಳ್ಬೇಕಾದ್ರೆ ನನ್ನ ಬಾಯಿ ಒಣಗಿಹೋಗಿತ್ತು. ಚರ್ಮದ ಕೆಳಗಿರೋ ಗುರುತಿನ ಮೈಕ್ರೋಚಿಪ್ ನೋಡಿಸಿದ್ರೆ ಅದರ ಡೇಟಾಬೇಸಲ್ಲಿ ಓನರ್‌ದು ಹಳೇ ಫೋನ್ ನಂಬರ್.

ಅವತ್ತಿಂದ ನಮ್ಮನೇಲಿ ನಾಯಿ ಬಂದ ದಿನವೇ ಕಾಲರ್, ಹಾರ್ನೆಸ್ (ಎದೆಪಟ್ಟಿ) ಎರಡೂ ನಾನೇ ಎಳೆದು ನೋಡ್ತೀನಿ, ಹೊರಗೆ ಹೋದ್ರೆ ಎರಡಕ್ಕೂ ಒಂದೊಂದು ಲೀಡ್. ಚಿಪ್ ಡೇಟಾಬೇಸಲ್ಲಿರೋ ಫೋನ್ ನಂಬರ್ ಸರಿ ಇದೆಯಾ ಅಂತ ಓನರ್ ಎದುರಿಗೇ ಚೆಕ್ ಮಾಡಿಸ್ತೀನಿ. ಬೆಲ್ ಆದ್ರೆ ಮೊದಲು ನಾಯಿ ಒಳಗೆ, ಗೇಟ್ ಹಾಕಿದ್ಮೇಲೇ ಬಾಗಿಲು. ಬೇರೆಯವರ ನಾಯೀನ ಲೀಡ್ ಬಿಚ್ಚಿ ಪಾರ್ಕಲ್ಲಿ ಬಿಡೋದು ಇಲ್ವೇ ಇಲ್ಲ, ಓನರ್ "ಕರೆದ್ರೆ ಬರತ್ತೆ" ಅಂತ ಎಷ್ಟು ಹೇಳಿದ್ರೂ ಇಲ್ಲ, ಅದು ಅವರು ಕರೆದ್ರೆ ಬರತ್ತೆ, ನಾವು ಕರೆದ್ರೆ ಬರಲ್ಲ.

ಇನ್ನೂ ಎರಡು ಮಾತು. ಲ್ಯಾಂಡ್‌ಲಾರ್ಡ್ ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಮನೇಲಿ ನಾಯಿ ಸಾಕ್ಬೋದು ಅನ್ನೋದು ಬೇರೆ, ಮನೇಲಿ ಬಿಸಿನೆಸ್ ಮಾಡ್ಬೋದು ಅನ್ನೋದು ಬೇರೆ. ಇನ್ಶೂರೆನ್ಸ್ ತಗೊಳ್ವಾಗ ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗೆ ಆದ ನಷ್ಟದ ಕವರ್) ಅಂತ ನೋಡಿ ಸಮಾಧಾನ ಮಾಡ್ಕೋಬೇಡಿ, ನಿಮ್ಮ ಸುಪರ್ದೀಲಿರೋ ನಾಯಿಗೇ ಏಟಾದ್ರೆ, ಕಳೆದುಹೋದ್ರೆ ಕವರ್ ಆಗತ್ತಾ ಅಂತ ಕೇಳಿ.

ಇಷ್ಟೆಲ್ಲ ಕೇಳಿ ಕೈಕಾಲು ಬಿಡ್ಬೇಡಿ. ಓನರ್ ಮನೆಗೇ ಹೋಗಿ ಊಟ ಹಾಕಿ ಬರೋದಕ್ಕೆ, ವಾಕಿಂಗ್ ಕರ್ಕೊಂಡು ಹೋಗೋದಕ್ಕೆ ಇಂಗ್ಲೆಂಡಲ್ಲಿ ಈ ಲೈಸೆನ್ಸ್ ಬೇಡ. ನೀವು ಅಲ್ಲಿಂದ ಶುರು ಮಾಡಿ. ಆರು ತಿಂಗಳು ಮಳೇಲಿ, ಚಳೀಲಿ, ಸಂಜೆ ನಾಲ್ಕಕ್ಕೇ ಕತ್ತಲಾಗೋ ಡಿಸೆಂಬರಲ್ಲಿ ಬೇರೆಯವರ ನಾಯಿ ನಡೆಸಿ ನೋಡಿ. ಅಷ್ಟರಲ್ಲಿ ಯಾವ ನಾಯಿ ನಿಮ್ಮ ಕೈಗೆ ಬರತ್ತೆ, ಯಾವುದು ಬರಲ್ಲ ಅಂತ ಗೊತ್ತಾಗತ್ತೆ, ಆಮೇಲೆ ಲೈಸೆನ್ಸ್ ತಗೊಂಡು ಆ ಓನರ್‌ಗಳಲ್ಲೇ ಒಬ್ಬರ ನಾಯೀನ ಬೋರ್ಡಿಂಗ್‌ಗೆ, ಅಂದ್ರೆ ಮನೇಲಿ ಇಟ್ಕೊಳ್ಳೋಕೆ, ತಗೊಳ್ಳಿ. ಮೊದಲು ಒಂದೇ ರಾತ್ರಿ ಟ್ರಯಲ್, ಓನರ್ ಊರಲ್ಲಿರೋವಾಗ್ಲೇ. ರಾತ್ರಿಯೆಲ್ಲ ಬಾಗಿಲ ಹತ್ರ ನಿಂತು ಏದುಸಿರು ಬಿಡೋ ನಾಯೀನ "ಹತ್ತು ದಿನದಲ್ಲಿ ಸರಿ ಹೋಗತ್ತೆ" ಅಂತ ಒಪ್ಕೋಬೇಡಿ, ಬೇಡ ಅಂತ ಹೇಳಿ ವಾಪಸ್ ಕಳ್ಸಿ.

ಸ್ಟೂಡೆಂಟ್ ವೀಸಾದಲ್ಲಿದೀನಿ, ವಾರಕ್ಕೆ 20 ಗಂಟೆ ಇದ್ಯಲ್ಲ, ಅದರಲ್ಲಿ ನಾಯಿ ವಾಕಿಂಗ್ ಮಾಡ್ಬೋದಾ?

ಆಗಲ್ಲ. ಆ ಗಂಟೆಗಳು ಇನ್ನೊಬ್ಬರ ಹತ್ರ ಕೆಲಸಕ್ಕಿರೋಕೆ, ಸ್ವಂತ ಬಿಸಿನೆಸ್‌ಗಲ್ಲ. ಓದು ಮುಗಿಸಿ ಗ್ರಾಜುಯೇಟ್ ವೀಸಾ ಬಂದ್ಮೇಲೆ ಮಾಡಿ.

ಟ್ಯಾಕ್ಸ್ ಕಟ್ಬೇಕಾ?

ಟ್ಯಾಕ್ಸ್ ವರ್ಷದಲ್ಲಿ ಬಂದ ಒಟ್ಟು ದುಡ್ಡು, ಖರ್ಚು ಕಳೆಯೋ ಮುಂಚಿಂದು, 1,000 ಪೌಂಡ್ ದಾಟಿದ್ರೆ ರಿಜಿಸ್ಟರ್ ಆಗ್ಬೇಕು. ನಗದು ತಗೊಂಡ್ರೂ ಲೆಕ್ಕವೇ.

ಊರಲ್ಲಿ ಹನ್ನೆರಡು ವರ್ಷ ವೆಟ್ ಆಗಿದ್ದೆ. ಬೋರ್ಡಿಂಗ್‌ಗೆ ಬಂದ ನಾಯಿಗೆ ಇಂಜೆಕ್ಷನ್ ನಾನೇ ಕೊಡ್ಬೋದಾ?

ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್‌ನಲ್ಲಿ ರಿಜಿಸ್ಟರ್ ಆಗೋವರೆಗೂ ಬೇರೆಯವರ ಪ್ರಾಣಿಗೆ ಚಿಕಿತ್ಸೆ ಕೊಡೋ ಹಾಗಿಲ್ಲ, 1966ರ ಕಾಯ್ದೆ. ಅದಕ್ಕೆ ಪರೀಕ್ಷೆ ಇದೆ. ನಿಮ್ಮ ಅನುಭವ ದೊಡ್ಡದು, ದಯವಿಟ್ಟು ಓದಿ ಬರೀರಿ.

ಎಕ್ಸ್‌ಎಲ್ ಬುಲ್ಲಿ (ಅಪಾಯಕಾರಿ ಅಂತ ನಿಷೇಧಿಸಿರೋ ದೊಡ್ಡ ತಳಿ) ನಾಯಿ ನೋಡ್ಕೊಳ್ತೀರಾ ಅಂತ ಒಬ್ರು ದುಪ್ಪಟ್ಟು ಕೊಡ್ತಿದಾರೆ.

2024ರ ಫೆಬ್ರವರಿ 1ರಿಂದ ವಿನಾಯ್ತಿ ಸರ್ಟಿಫಿಕೇಟ್ ಇಲ್ದೆ ಆ ನಾಯಿ ಇಟ್ಕೊಳ್ಳೋದೇ ಅಪರಾಧ, ಸರ್ಟಿಫಿಕೇಟ್ ಇದ್ರೂ ಹೊರಗೆ ಬಾಯಿಗೆ ಮಜಲ್, ಕತ್ತಿಗೆ ಲೀಡ್ ಇರ್ಲೇಬೇಕು. ಹೊಸಬರಿಗೆ ಬೇಡ.

ಉಣ್ಣಿ, ಚಿಗಟಕ್ಕೆ ಬೆಳ್ಳುಳ್ಳಿ ತಿನ್ನಿಸಿದ್ರೆ ಸಾಕು, ಕೆಮಿಕಲ್ ಬೇಡ ಅಂತ ಒಬ್ಬರು ವಿಡಿಯೋ ಹಾಕಿದಾರೆ. ನಿಜನಾ? ಊರಿಂದ ತಂದಿರೋ ಸ್ಪಾಟ್-ಆನ್ (ನಾಯಿ ಮೈಮೇಲೆ ಹನಿ ಹಾಕೋ ಚಿಗಟದ ಔಷಧಿ) ಬೆಕ್ಕಿಗೂ ಹಾಕ್ಬೋದಾ?

ಆ ವಿಡಿಯೋದವರ ಮೇಲೆ ನನಗೆ ಬರೋ ಕೋಪ ಅಷ್ಟಿಷ್ಟಲ್ಲ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯತ್ತೆ, ಉಣ್ಣಿ ಹೋಗಲ್ಲ, ರಕ್ತ ಹೋಗತ್ತೆ. ಒಣದ್ರಾಕ್ಷಿ ಕಿಡ್ನಿ ಹಾಳು ಮಾಡತ್ತೆ, ಶುಗರ್‌ಫ್ರೀ ಚೂಯಿಂಗ್ ಗಮ್ಮಲ್ಲಿರೋ ಕ್ಸೈಲಿಟಾಲ್ ರಕ್ತದಲ್ಲಿನ ಸಕ್ಕರೆ ಅಂಶ ಧಡಕ್ಕನೆ ಇಳಿಸತ್ತೆ. ಬೇರೆಯವರ ನಾಯಿ ಮನೇಲಿದ್ದಾಗ ಅಡುಗೆಮನೆ ಬಾಗಿಲು ಮುಚ್ಚಿರ್ಲಿ, ಹೆಚ್ಚಿದ ಈರುಳ್ಳಿ ಚೂರು ಕೆಳಗೆ ಬಿದ್ರೆ ಆಗಲೇ ಎತ್ತಿ.

ನಾಯಿ ಸ್ಪಾಟ್-ಆನ್ ಬೆಕ್ಕಿಗೆ ಹಾಕ್ಬೇಡಿ. ಸುಮಾರು ನಾಯಿ ಸ್ಪಾಟ್-ಆನ್‌ಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರತ್ತೆ, ಅದನ್ನ ಕರಗಿಸೋ ಶಕ್ತಿ ಬೆಕ್ಕಿನ ಲಿವರ್‌ಗಿಲ್ಲ. ಮೊದಲು ಕಿವಿ, ಮುಖ ಅದುರತ್ತೆ, ಆಮೇಲೆ ಮೈಯೆಲ್ಲ ನಡುಗಿ ಫಿಟ್ಸ್ ಬರತ್ತೆ. ಈಗಾಗ್ಲೇ ಹಾಕಿದ್ರೆ ಇದನ್ನ ಓದೋದು ನಿಲ್ಸಿ ವೆಟ್‌ಗೆ ಫೋನ್ ಮಾಡಿ, ಪ್ಯಾಕೆಟ್ ಜೊತೇಲಿ ತಗೊಂಡು ಹೊರಡಿ.